ರಿಪೇರಿ ಮಾಡಿಸಿ ನೋಡು: ಆಕ್ಲೆಂಡಿನ ಮನೆಗಳ ಕಥೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ರಿಪೇರಿ ಮಾಡಿಸಿ ನೋಡು’ ಎಂಬ ಮಾತನ್ನೂ ಏಕೆ ಸೇರಿಸಲಿಲ್ಲವೋ ತಿಳಿಯದು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಿ, ಹಬ್ಬಕ್ಕೆ ಸುಣ್ಣ ಬಳಿದರೆ ಅವರ ಕಾಲದ ರಿಪೇರಿ ಮುಗಿಯುತ್ತಿತ್ತು ಎಂದು ಕಾಣುತ್ತದೆ. ಆಕ್ಲೆಂಡಿಗೆ ಬಂದು ಮನೆ ಕೊಂಡ ನಮ್ಮಂಥವರಿಗೆ ಮಾತ್ರ ಈ ಮೂರನೆಯ ಮಾತಿನ ಅರ್ಥ ಚೆನ್ನಾಗಿ ಗೊತ್ತು. ನಾಲ್ಕು ಜನ ಕನ್ನಡಿಗರು ಊಟಕ್ಕೆ ಕೂತರೆ ಅರ್ಧ ಗಂಟೆಯೊಳಗೆ ಮಾತು ಮಕ್ಕಳ ಓದಿನಿಂದ ಮನೆಯ ಮಾಡು, ಡೆಕ್ಕು, ಕಿಟಕಿಗಳ ಕಡೆಗೆ ಹೊರಳುತ್ತದೆ. ಈ ಊರಿನ ಮನೆಗಳನ್ನು ಅವುಗಳ ಒಡೆಯರು ಕಾಲಕಾಲಕ್ಕೆ ಹೇಗೆ ರಿಪೇರಿ ಮಾಡಿಸಿದರು, ಹೇಗೆ ಬದಲಾಯಿಸಿದರು, ಕೊನೆಗೆ ಅದೆಲ್ಲ ಏನಾಯಿತು ಎಂಬುದಕ್ಕೆ ಒಂದು ಇತಿಹಾಸವೇ ಇದೆ. ಅದನ್ನು ಸದಸ್ಯ ಬಂಧುಗಳ ಮುಂದೆ ಇಡೋಣ ಎನಿಸಿತು.

ಹಳೆಯ ಮನೆಗಳಿಂದಲೇ ಶುರು ಮಾಡೋಣ. ಪಾನ್ಸನ್‌ಬಿ, ಗ್ರೇ ಲಿನ್, ಮೌಂಟ್ ಈಡನ್, ಡೆವನ್‌ಪೋರ್ಟ್ ಕಡೆ ಕಾಣುವ, ಮುಂದೆ ಜಗುಲಿಯಿರುವ ಮರದ ಮನೆಗಳನ್ನು ಇಲ್ಲಿ ವಿಲ್ಲಾ ಎನ್ನುತ್ತಾರೆ. ಹೆಚ್ಚಿನವು 1880ರಿಂದ 1910ರ ದಶಕದೊಳಗೆ ಕಟ್ಟಿದವು. ನೆಲ, ಗೋಡೆ, ಹೊರ ಹಲಗೆ ಎಲ್ಲವೂ ಕೌರಿ ಮರ. ಆಗ ಉತ್ತರದ ಕಾಡುಗಳಿಂದ ಕೌರಿ ಧಾರಾಳವಾಗಿ ಬರುತ್ತಿತ್ತು. ಎಷ್ಟು ಧಾರಾಳವೆಂದರೆ ಕಡಿದು ಕಡಿದು ಕೊನೆಗೆ 1952ರಲ್ಲಿ ವೈಪೌವಾದಲ್ಲಿ ಉಳಿದಿದ್ದ ಕಾಡನ್ನು ಅಭಯಾರಣ್ಯ ಮಾಡಬೇಕಾಯಿತು. ಈ ಮನೆಗಳ ಒಳಗೋಡೆಯ ವಿಷಯ ನಮ್ಮವರಿಗೆ ಸ್ವಾರಸ್ಯವಾದೀತು. ಒರಟು ಹಲಗೆಗಳ ಮೇಲೆ ಗೋಣಿ ಬಟ್ಟೆಯನ್ನು ಎಳೆದು ಮೊಳೆ ಹೊಡೆದು, ಅದರ ಮೇಲೆ ಬಣ್ಣದ ಕಾಗದ ಅಂಟಿಸುತ್ತಿದ್ದರು. ಆ ಕಾಲದ ಸೆಣಬೆಲ್ಲ ಬಂಗಾಳದ್ದು. ಹೀಗೆ ನಮಗಿಂತ ನೂರು ವರ್ಷ ಮೊದಲೇ ಭಾರತದ ಗೋಣಿ ಆಕ್ಲೆಂಡಿನ ಗೋಡೆ ಸೇರಿತ್ತು. ಈಗಲೂ ವಿಮೆಯವರು ಹಳೆಯ ಮನೆಯೆಂದರೆ ಗೋಡೆಯೊಳಗೆ ಗೋಣಿ ಇದೆಯೇ ಎಂದು ಕೇಳುವುದುಂಟು. ಬೆಂಕಿಯ ಭಯ.

ಎರಡನೆಯ ಮಹಾಯುದ್ಧದ ನಂತರ ಅನುಕೂಲವಂತರು ಹೊಸ ಬಡಾವಣೆಗಳಿಗೆ ಹೊರಟುಹೋದರು. ಒಳ ಊರಿನ ವಿಲ್ಲಾಗಳು ಬಾಡಿಗೆ ಮನೆಗಳಾದವು. ಪೆಸಿಫಿಕ್ ದ್ವೀಪಗಳಿಂದ ಬಂದವರು, ಹಳ್ಳಿಯಿಂದ ಬಂದ ಮಾವೊರಿಗಳು, ವಿದ್ಯಾರ್ಥಿಗಳು ಅಲ್ಲಿ ವಾಸವಾದರು. ಫ್ರೀಮನ್ಸ್ ಬೇಯಲ್ಲಿ ಕೊಳೆಗೇರಿ ಎಂಬ ಹೆಸರಿನಲ್ಲಿ, ನ್ಯೂಟನ್ ಕಡೆ ಮೋಟರ್‌ವೇಗೆಂದು ಎಷ್ಟೋ ಮನೆಗಳು ನೆಲಸಮವಾದವು. ಉಳಿದ ವಿಲ್ಲಾಗಳ ಒಡೆಯರಲ್ಲಿ ಕೈಯಲ್ಲಿ ಸ್ವಲ್ಪ ದುಡ್ಡಿದ್ದವರು 1950, 60, 70ರ ದಶಕಗಳಲ್ಲಿ ಮನೆಯನ್ನು ‘ಮಾಡರ್ನ್’ ಮಾಡಿಸಿದರು. ಜಗುಲಿಯ ಮರದ ಕುಸುರಿ ಕಿತ್ತುಹಾಕಿ ಜಗುಲಿಯನ್ನೇ ಮುಚ್ಚಿ ಇನ್ನೊಂದು ಕೋಣೆ ಮಾಡಿದರು. ಮೇಲೆ ಕೆಳಗೆ ಸರಿಯುವ ಮರದ ಕಿಟಕಿ ತೆಗೆದು ಅಲ್ಯೂಮಿನಿಯಂ ಹಾಕಿಸಿದರು. ಎತ್ತರದ ಚಾವಣಿಗೆ ಚಳಿ ತಡೆಯದು ಎಂದು ಕೆಳಗೊಂದು ಸುಳ್ಳು ಚಾವಣಿ ಬಂತು. ಅಗ್ಗಿಷ್ಟಿಕೆ ಮುಚ್ಚಿತು, ಕೌರಿ ನೆಲದ ಮೇಲೆ ಲಿನೋಲಿಯಂ, ಅದರ ಮೇಲೆ ಕಾರ್ಪೆಟ್ ಬಿತ್ತು.

1970ರ ದಶಕದ ಕೊನೆಯಿಂದ ಗಾಳಿ ತಿರುಗಿತು. ಪೇಟೆಯ ಹತ್ತಿರ ಇರಬೇಕೆಂಬ ಹೊಸ ತಲೆಮಾರಿನವರು ಈ ಮನೆಗಳನ್ನು ಕೊಂಡು, ಹಿಂದಿನವರು ಮಾಡಿಸಿದ್ದನ್ನೆಲ್ಲ ಕೀಳತೊಡಗಿದರು. ಆಗ ಕಂಡ ಸಂಗತಿ ಏನೆಂದರೆ, ಮೇಲೆ ಹೊದಿಸಿದ್ದು ಎಷ್ಟೋ ಕಡೆ ಒಳಗಿನದನ್ನು ಕಾಪಾಡಿತ್ತು. ಕಾರ್ಪೆಟ್ಟಿನ ಕೆಳಗೆ ಕೌರಿ ನೆಲ ಹಾಗೆಯೇ ಇತ್ತು. ಉಜ್ಜಿ ಪಾಲಿಶ್ ಮಾಡಿದರೆ ಜೇನಿನ ಬಣ್ಣ. ಕಿತ್ತು ಎಸೆದದ್ದು ಮಾತ್ರ ಹೋಯಿತು. ಆ ಕಿಟಕಿಗಳನ್ನೂ ಕುಸುರಿಯನ್ನೂ ಮತ್ತೆ ಮಾಡಿಸಲು ಹಲವು ಪಟ್ಟು ಖರ್ಚು. ಇನ್ನೂ ಒಂದು ವಿಚಿತ್ರ: ಮಾಡರ್ನ್ ಮಾಡಿಸಲು ದುಡ್ಡೇ ಇಲ್ಲದೆ ಇದ್ದ ಹಾಗೆಯೇ ಬಿಟ್ಟ ಬಡವರ ಮನೆಗಳೇ ಎಲ್ಲಕ್ಕಿಂತ ಚೆನ್ನಾಗಿ ಉಳಿದಿದ್ದವು. ಅದರ ಲಾಭ ಆ ಬಡವರಿಗೆ ಸಿಗಲಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಬಾಡಿಗೆದಾರರು. ಒಡೆಯ ಮಾರಿದಾಗ ದಕ್ಷಿಣ ಆಕ್ಲೆಂಡಿಗೋ ಪಶ್ಚಿಮಕ್ಕೋ ಹೊರಟರು. ವಿಲ್ಲಾಗಳ ಸೊಗಸಿನ ಚಿತ್ರ ಹಾಕುವ ಪುಸ್ತಕಗಳು ಈ ಮಾತನ್ನು ಅಷ್ಟಾಗಿ ಹೇಳುವುದಿಲ್ಲ.

ಆದರೆ ವಿಲ್ಲಾಗಳು ಇಷ್ಟೆಲ್ಲ ತಪ್ಪು-ಸರಿಗಳನ್ನು ತಾಳಿಕೊಂಡದ್ದಕ್ಕೆ ಕಾರಣವಿತ್ತು. ಹೊರ ಹಲಗೆಗಳ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಗೋಡೆಯೊಳಗೆ ಹತ್ತಿಯೂ ಇಲ್ಲ, ಉಣ್ಣೆಯೂ ಇಲ್ಲ, ಪೊಳ್ಳು. ಚಳಿಯೇನೋ ಕೊರೆಯುತ್ತಿತ್ತು, ಆದರೆ ನೆನೆದ ಮರ ಒಣಗುತ್ತಿತ್ತು. ಗಾಳಿ ನಿಲ್ಲಿಸಿದವರ ಮನೆಗಳೇ ಹಾಳಾದದ್ದು: ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ ನೆಲದ ಕೆಳಗಿನ ಗಾಳಿಕಿಂಡಿ ಮುಚ್ಚಿದವರ ಮನೆಯಲ್ಲಿ ತೇವ ನಿಂತು, ತೊಲೆಗೆ ಕುಟ್ಟೆ ಹುಳ ಹಿಡಿಯಿತು.

ನಡುವಿನ ಕಾಲವನ್ನು ಬೇಗ ದಾಟೋಣ. 1920ರ ದಶಕದಲ್ಲಿ ಬಂಗಲೆ ಮಾದರಿ ಬಂತು. 1937ರಿಂದ ಸರ್ಕಾರಿ ಮನೆಗಳು ಬಂದವು, ಇವು ಇಂದಿಗೂ ಗಟ್ಟಿ. ಕೌರಿ ಮುಗಿದ ಮೇಲೆ ರೇಡಿಯಾಟ ಪೈನ್ ಮರ ಬಂತು. ಅದು ಬೇಗ ಬೆಳೆಯುವ, ಬೇಗ ಕೊಳೆಯುವ ಮರವಾದ್ದರಿಂದ 1950ರ ದಶಕದಿಂದ ಬೋರಾನ್ ಲವಣದಲ್ಲಿ ಸಂಸ್ಕರಿಸಿ ಬಳಸುತ್ತಿದ್ದರು. 1978ರಿಂದ ಹೊಸ ಮನೆಗಳ ಗೋಡೆ ಮತ್ತು ಚಾವಣಿಗೆ ಇನ್ಸುಲೇಷನ್ ಕಡ್ಡಾಯವಾಯಿತು.

ಇಲ್ಲಿಂದ ಮುಂದಿನದು ನಮ್ಮದೇ ಕಾಲದ ಕಥೆ.

1991ರಲ್ಲಿ ಈ ದೇಶದಲ್ಲಿ ಎರಡು ಬದಲಾವಣೆಗಳಾದವು. ಒಂದು, ವಲಸೆಗೆ ಪಾಯಿಂಟ್ ಪದ್ಧತಿ ಬಂತು. ಬೆಂಗಳೂರು, ಮೈಸೂರುಗಳಿಂದ ಎಂಜಿನಿಯರರೂ ಡಾಕ್ಟರರೂ ಲೆಕ್ಕಿಗರೂ ಇಲ್ಲಿಗೆ ಬರಲು ಬಾಗಿಲು ತೆರೆದದ್ದು ಹಾಗೆ. ಎರಡು, ಹೊಸ ಕಟ್ಟಡ ಕಾಯ್ದೆ ಬಂತು. ಗೋಡೆ ಹೀಗೆಯೇ ಕಟ್ಟಬೇಕು ಎಂಬ ಹಳೆಯ ನಿಯಮ ಹೋಗಿ, ಹೇಗಾದರೂ ಕಟ್ಟಿ, ಆದರೆ ಅದು ಇಷ್ಟು ವರ್ಷ ಬಾಳಬೇಕು ಎಂಬ ನಿಯಮ ಬಂತು. ಚೌಕಟ್ಟು ಸಾಮಾನ್ಯವಾಗಿ 50 ವರ್ಷ, ಹೊರ ಹೊದಿಕೆ 15 ವರ್ಷ ಬಾಳಬೇಕು. ತಪಾಸಣೆಯನ್ನು ಕೌನ್ಸಿಲ್ ಮಾಡಬಹುದು, ಪರವಾನಗಿ ಪಡೆದ ಖಾಸಗಿಯವರೂ ಮಾಡಬಹುದು ಎಂದಾಯಿತು. ಈ ಎರಡು ಬಾಗಿಲೂ ಒಂದೇ ವರ್ಷ ತೆರೆದದ್ದು ಕಾಕತಾಳೀಯ. ಆದರೂ ನಾವು ಬಂದು ಬಾಡಿಗೆ ಮನೆಯಲ್ಲಿದ್ದು ದುಡ್ಡು ಕೂಡಿಸಿ ಮನೆ ನೋಡತೊಡಗಿದಾಗ, ಹೌವಿಕ್, ಬಾಟನಿ, ಆಲ್ಬನಿ ಕಡೆ ಸಾಲಾಗಿ ಏಳುತ್ತಿದ್ದ ಹೊಸ ಮನೆಗಳು ಆ ಹೊಸ ಕಾಯ್ದೆಯ ಕೂಸುಗಳೇ ಆಗಿದ್ದವು.

ನೋಡಲು ಎಷ್ಟು ಚೆಂದ! ಮೆಡಿಟರೇನಿಯನ್ ಶೈಲಿ ಎಂದು ಹೆಸರು. ನಯವಾದ ಗಿಲಾವು, ತಿಳಿ ಕೇಸರಿ ಬಣ್ಣ, ಚಪ್ಪಟೆ ಮಾಡು, ಸುತ್ತ ಪಾರಪೆಟ್ ಗೋಡೆ, ಮಲಗುವ ಕೋಣೆಗೆ ಅಂಟಿದ ಬಾಲ್ಕನಿ. ಜಯನಗರದ ಮನೆಯೊಂದನ್ನು ಎತ್ತಿ ತಂದಿಟ್ಟ ಹಾಗೆ. ಇಟ್ಟಿಗೆ, ಸಿಮೆಂಟಿನ ಮನೆಯಲ್ಲಿ ಬೆಳೆದ ನಮ್ಮವರಿಗೆ ಹಲಗೆ ಮನೆ ಎಂದರೆ ತಾತ್ಕಾಲಿಕ ಶೆಡ್ಡು, ಗಿಲಾವಿನ ಮನೆಯೆಂದರೆ ಪಕ್ಕಾ ಮನೆ ಎಂದು ಅನ್ನಿಸಿದ್ದು ಸಹಜ. ಊರಿನಿಂದ ಬಂದ ತಂದೆತಾಯಿಯರೂ ಗೋಡೆ ಮುಟ್ಟಿ ನೋಡಿ ಮೆಚ್ಚುತ್ತಿದ್ದರು. ಆದರೆ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಒಳಗಿದ್ದದ್ದು ಇಟ್ಟಿಗೆಯಲ್ಲ. ಪೈನ್ ಮರದ ಚೌಕಟ್ಟು, ಅದರ ಮೇಲೆ ಕಪ್ಪು ಕಾಗದ, ಅದರ ಮೇಲೆ ಫೈಬರ್ ಸಿಮೆಂಟ್ ಹಾಳೆ ಅಥವಾ ಪಾಲಿಸ್ಟೈರೀನ್, ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಗಿಲಾವು ಮತ್ತು ಬಣ್ಣ. ಹಾಳೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುವ ಜಾಗವೇ ಇಲ್ಲ.

ಮಲೆನಾಡಿನ ಯಾವ ಅಜ್ಜಿಯಾದರೂ ಈ ಮನೆಯನ್ನು ನೋಡಿದ ಕೂಡಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: ಸೂರು ಎಲ್ಲಿ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಆಕ್ಲೆಂಡಿನಲ್ಲಿ 1,100ರ ಆಸುಪಾಸು, ಬೆಂಗಳೂರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಆದರೂ ಮಲೆನಾಡಿನ ಮನೆ ನಿಲ್ಲುತ್ತದೆ. ಮಾಡು ಗೋಡೆಯಿಂದ ಮಾರುದ್ದ ಮುಂದೆ ಚಾಚಿ ನೀರನ್ನು ದೂರ ಬೀಳಿಸುತ್ತದೆ, ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಬಿಸಿಲು ಗೋಡೆಯನ್ನು ಒಣಗಿಸುತ್ತದೆ. ಇಲ್ಲಿ ಹಾಗಲ್ಲ. ಮಳೆ ವರ್ಷದ ಹನ್ನೆರಡು ತಿಂಗಳಿಗೂ ಹಂಚಿಕೊಂಡಿದೆ, ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಒಮ್ಮೆ ನೆನೆದದ್ದು ಒಣಗುವುದರೊಳಗೆ ಇನ್ನೊಂದು ಮಳೆ. ಇಂಥ ಊರಿನಲ್ಲಿ ಸೂರಿಲ್ಲದ ಮನೆ.

ಇಷ್ಟು ಸಾಲದೆಂಬಂತೆ 1990ರ ದಶಕದ ನಡುವಿನಲ್ಲಿ ಕುಲುಮೆಯಲ್ಲಿ ಒಣಗಿಸಿದ ಪೈನನ್ನು ಸಂಸ್ಕರಿಸದೆಯೇ ಚೌಕಟ್ಟಿಗೆ ಬಳಸಬಹುದು ಎಂದು ನಿಯಮ ಸಡಿಲವಾಯಿತು. ಒಣ ಮರಕ್ಕೆ ಹುಳವಾಗಲಿ ಬೂಷ್ಟಾಗಲಿ ಹಿಡಿಯದು ಎಂಬುದು ತರ್ಕ. ತರ್ಕ ಸರಿಯೇ, ಮರ ಒಣಗಿಯೇ ಇರುವುದಾದರೆ. ಕಿಟಕಿಯ ಮೂಲೆ, ಪಾರಪೆಟ್ಟಿನ ತಲೆ, ಬಾಲ್ಕನಿ ಗೋಡೆಗೆ ಕೂಡುವ ಜಾಗ, ಕಂಬಿಯ ಸ್ಕ್ರೂ ಹೊಡೆದ ತೂತು, ಗಿಲಾವು ಮಣ್ಣಿಗೆ ತಾಗುವ ಬುಡ, ಹೀಗೆ ಎಲ್ಲಿಂದಲೋ ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರಲಿಲ್ಲ. ಹೊರಗೆ ಬಣ್ಣ ಹೊಸದಾಗಿಯೇ ಇರುವಾಗ ಒಳಗೆ ಚೌಕಟ್ಟು ನೆನೆದ ರೊಟ್ಟಿಯಂತಾಗುತ್ತಿತ್ತು.

2002ರಲ್ಲಿ ಡಾನ್ ಹನ್ ಅವರ ಅಧ್ಯಕ್ಷತೆಯ ತಂಡ ವರದಿ ಕೊಟ್ಟು, ಇದು ಯಾರೋ ಒಬ್ಬ ಮೇಸ್ತ್ರಿಯ ತಪ್ಪಲ್ಲ, ವಿನ್ಯಾಸ, ಸಾಮಗ್ರಿ, ಕೆಲಸಗಾರಿಕೆ, ತಪಾಸಣೆ, ಕಾಯ್ದೆ ಎಲ್ಲ ಸೇರಿ ಸೋತಿವೆ ಎಂದಿತು. 2009ರಲ್ಲಿ ಸರ್ಕಾರಕ್ಕಾಗಿ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಮಾಡಿದ ಅಂದಾಜಿನಲ್ಲಿ ಸುಮಾರು 42,000 ಮನೆಗಳು, 11.3 ಬಿಲಿಯನ್ ಡಾಲರ್ ಖರ್ಚು. ಮನೆಗಳ ಸಂಖ್ಯೆ 22,000ದಿಂದ 89,000ದವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದೂ ಅದೇ ವರದಿ ಹೇಳಿತು. ಸಂಖ್ಯೆ ಇಷ್ಟು ಹಿಗ್ಗಲು ಕಾರಣವಿದೆ. ಗೋಡೆ ಬಿಚ್ಚದೆ ಯಾರಿಗೂ ತಿಳಿಯುವಂತಿರಲಿಲ್ಲ, ಬಿಚ್ಚಲು ಬಹಳ ಜನ ಒಪ್ಪಲಿಲ್ಲ.

ಮನೆಯ ಒಡೆಯರು ಮಾಡಿದ ತೀರ್ಮಾನಗಳ ಮುಖ್ಯ ಭಾಗ ಇಲ್ಲೇ ಇದೆ. ಬೂಷ್ಟಿನ ವಾಸನೆ ಬಂದಾಗ, ಕಾರ್ಪೆಟ್ಟಿನ ಅಂಚು ಕಪ್ಪಾದಾಗ, ಗಿಲಾವಿನ ಮೇಲೆ ಕೂದಲೆಳೆಯ ಬಿರುಕು ಕಂಡಾಗ ಮೊದಲು ಎಲ್ಲರೂ ಮಾಡಿದ್ದು ಒಂದೇ: ಬಿರುಕಿಗೆ ಸೀಲೆಂಟ್ ತುಂಬಿ ಮೇಲೆ ಬಣ್ಣ ಬಳಿಸಿದರು. ಇದರಷ್ಟು ಕೆಟ್ಟ ಫಲ ಕೊಟ್ಟ ರಿಪೇರಿ ಇನ್ನೊಂದಿಲ್ಲ. ಹೊಸ ಬಣ್ಣ, ಹೊಸ ಸೀಲೆಂಟ್ ಸೇರಿ ಒಳಗಿದ್ದ ತೇವವನ್ನು ಇನ್ನಷ್ಟು ಭದ್ರವಾಗಿ ಕೂಡಿಹಾಕಿದವು. ಎರಡು ಮೂರು ಮಳೆಗಾಲ ಸುಮ್ಮನಿದ್ದ ಮನೆ ನಾಲ್ಕನೆಯದರಲ್ಲಿ ಬಾಲ್ಕನಿಯ ತೊಲೆ ಸಮೇತ ಕೈಕೊಡುತ್ತಿತ್ತು.

ಬಣ್ಣ ಬಳಿಸಿದ್ದು ಬರೀ ಅಜ್ಞಾನದಿಂದಲ್ಲ. 2002ರಲ್ಲಿ ಸರ್ಕಾರ ಸೋರುವ ಮನೆಗಳಿಗಾಗಿ ವ್ಯಾಜ್ಯ ಪರಿಹಾರದ ಏರ್ಪಾಡು ಮಾಡಿತು, 2006ರಲ್ಲಿ ಹೊಸ ಕಾಯ್ದೆ, ಅದರಡಿ ಒಂದು ಟ್ರಿಬ್ಯೂನಲ್ ಬಂದವು. ಅಲ್ಲಿ ಅರ್ಜಿ ಹಾಕಿದರೆ ಆ ವಿಷಯ ಕೌನ್ಸಿಲ್ಲಿನ ಕಡತಕ್ಕೆ ಹೋಗಿ, ಮನೆ ಕೊಳ್ಳುವವರು ತರಿಸಿ ನೋಡುವ ಲಿಮ್ ವರದಿಯಲ್ಲಿ ಕಾಣುತ್ತಿತ್ತು. ಅಂದರೆ ನಮ್ಮ ಮನೆ ಸೋರುತ್ತದೆ ಎಂದು ಡಂಗುರ ಹೊಡೆದ ಹಾಗೆ. ಮಾನಕ್ಕೂ ಅಂಜಿಕೆ, ಬೆಲೆಗೂ ಅಂಜಿಕೆ. ‘ನೋಡೋಣ, ಮುಂದಿನ ವರ್ಷ’ ಎಂದು ತಳ್ಳಿದವರು ಬಹಳ. ಆದರೆ ಕಾಯ್ದೆಯಲ್ಲಿ ಗಡಿಯಾರವೊಂದು ಓಡುತ್ತಿತ್ತು: ಮನೆ ಕಟ್ಟಿ ಅಥವಾ ಬದಲಾವಣೆ ಮಾಡಿಸಿ ಹತ್ತು ವರ್ಷದೊಳಗೆ ದೂರು ಕೊಡಬೇಕು. 1996ರಲ್ಲಿ ಮುಗಿದ ಮನೆಗೆ 2006ರಲ್ಲಿ ಬಾಗಿಲು ಮುಚ್ಚಿತು. ನೀರು ಯಾವಾಗ ಕಂಡಿತು ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ. ಮುಂದೂಡಿದವರು ಮನೆಯ ಜೊತೆಗೆ ಹಕ್ಕನ್ನೂ ಕಳೆದುಕೊಂಡರು.

ಕೆಲವರು ಸದ್ದಿಲ್ಲದೆ ಮಾರಿಬಿಟ್ಟರು. 2002ಕ್ಕೆ ಮುಂಚೆ ಮಾರಿದವರಿಗೆ ಏನೂ ಗೊತ್ತಿರಲಿಲ್ಲ, ಅದೃಷ್ಟ ಎನ್ನಬೇಕು. ಆಮೇಲೆ ಗೊತ್ತಿದ್ದೂ ಮುಚ್ಚಿಟ್ಟು ಮಾರಿದವರು ಕೊಂಡವರ ಕೈಯಲ್ಲಿ ಕೋರ್ಟು ಕಂಡದ್ದುಂಟು. 2008ರ ಕಾಯ್ದೆಯ ನಂತರ ಏಜೆಂಟರೂ ಗೊತ್ತಿರುವ ದೋಷವನ್ನು ಹೇಳಲೇಬೇಕಾಯಿತು.

ಕೆಟ್ಟ ಗೋಡೆಯೊಂದನ್ನು ಮಾತ್ರ ಬಿಚ್ಚಿ ಸರಿಮಾಡಿಸಿದವರದು ನಡುವಿನ ದಾರಿ. ಕೇಳಲು ವಿವೇಕದ ಮಾತು. ನಡೆದದ್ದು ಬೇರೆ. ಪಶ್ಚಿಮದ ಗೋಡೆ ಸೋರಿದ ವಿನ್ಯಾಸವೇ ದಕ್ಷಿಣದ ಗೋಡೆಯಲ್ಲೂ ಇರುತ್ತದಲ್ಲ! ಐದಾರು ವರ್ಷ ಬಿಟ್ಟು ಮತ್ತೆ ಮಚ್ಚಾನ ಕಟ್ಟಿಸಿ, ಮತ್ತೆ ಎಂಜಿನಿಯರ್, ಮತ್ತೆ ಕೌನ್ಸಿಲ್ಲಿನ ಅನುಮತಿ. ಕೌನ್ಸಿಲ್ಲುಗಳೂ ಬರಬರುತ್ತಾ ಇಂಥ ತೇಪೆ ಕೆಲಸಕ್ಕೆ ಒಪ್ಪಿಗೆ ಕೊಡಲು ಹಿಂಜರಿದವು. ಮನೆಯ ಹೊದಿಕೆ ಪೂರ್ತಿ ಕಿತ್ತು, ಕೊಳೆತ ಮರ ಬದಲಿಸಿ, ಗಾಳಿಯಾಡುವ ಜಾಗ ಬಿಟ್ಟು ಹೊಸದಾಗಿ ಹೊದಿಸಿದವರು ಒಮ್ಮೆಗೆ ನಲುಗಿಹೋದರು, ಆದರೆ ಒಮ್ಮೆ ಮಾತ್ರ. ಆ ವರ್ಷಗಳಲ್ಲಿ ಬಡಾವಣೆಗಳಲ್ಲಿ ಬಿಳಿ ಪ್ಲಾಸ್ಟಿಕ್ ಹೊದ್ದು ನಿಂತ ಮನೆಗಳು ನಮ್ಮೆಲ್ಲರಿಗೂ ನೆನಪಿವೆ. ಒಳಗೆ ಕೆಲಸ, ಸಂಸಾರ ಬಾಡಿಗೆ ಮನೆಯಲ್ಲಿ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಮಾರ್ಟ್‌ಗೇಜ್, ಮೇಲೆ ರಿಪೇರಿಯ ಸಾಲ. ಊರಿಗೆ ಹೋಗುವ ಟಿಕೆಟ್ಟು, ಮಕ್ಕಳ ಯೂನಿವರ್ಸಿಟಿಗೆಂದು ತೆಗೆದಿಟ್ಟದ್ದು ಎಲ್ಲ ಅದರೊಳಗೆ ಹೋಯಿತು. ಗೋಡೆ ಬಿಚ್ಚಿದ ಮೇಲೆ ಅಂದಾಜು ಇಳಿಯಿತು ಎಂದು ಹೇಳಿದ ಒಬ್ಬರನ್ನೂ ನಾವು ಕಂಡಿಲ್ಲ.

ಅಪಾರ್ಟ್‌ಮೆಂಟಿನವರ ಪಾಡು ಇನ್ನೂ ತೊಡಕು. ಅಲ್ಲಿ ತೀರ್ಮಾನ ಒಬ್ಬರದಲ್ಲ, ಬಾಡಿ ಕಾರ್ಪೊರೇಟಿನದು. ನೆಲಮಹಡಿಯವರ ಮನೆ ಒಣಗಿದ್ದರೂ ಮೇಲಿನವರ ಸೋರುವಿಕೆಗೆ ಪಾಲು ಕೊಡಬೇಕಾಗಿ ಬಂತು. ಪಾಲು ಹೇಗೆ ಎಂಬ ಜಗಳವೇ ಕೋರ್ಟಿಗೆ ಹೋಯಿತು.

ಕೋರ್ಟಿನ ಮಾತು ಬಂದದ್ದರಿಂದ ಒಂದೆರಡು ಸಂಗತಿ. ಮನೆ ಕಟ್ಟಿದ ಕಂಪನಿ ಎಷ್ಟೋ ಸಲ ಕೆಲಸ ಮುಗಿದ ಮೇಲೆ ಬಾಗಿಲು ಹಾಕಿರುತ್ತಿತ್ತು. ಹಿಡಿಯಲು ಸಿಗುತ್ತಿದ್ದದ್ದು ತಪಾಸಣೆ ಮಾಡಿದ ಕೌನ್ಸಿಲ್ ಒಂದೇ. ಮನೆಯ ಒಡೆಯನ ಬಗ್ಗೆ ಕೌನ್ಸಿಲ್ಲಿಗೆ ಹೊಣೆ ಇದೆ ಎಂದು 1996ರಲ್ಲೇ ಹ್ಯಾಮ್ಲಿನ್ ಎಂಬವರ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎತ್ತಿಹಿಡಿದಿತ್ತು. ಮಯ್ರಂಗಿ ಬೇಯ ಸನ್‌ಸೆಟ್ ಟೆರೇಸಸ್, ಟಾಕಪುನದ ಬೈರನ್ ಅವೆನ್ಯೂ ಮನೆಗಳ ಮೊಕದ್ದಮೆಯಲ್ಲಿ 2010ರ ಡಿಸೆಂಬರಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ನಾರ್ತ್ ಶೋರ್, ವೈಟಾಕೆರೆ, ಮನುಕಾವ್ ಎಲ್ಲ ಸೇರಿ ಒಂದೇ ಆಕ್ಲೆಂಡ್ ಕೌನ್ಸಿಲ್ ಆಗಿತ್ತು. ಹಳೆಯ ಕೌನ್ಸಿಲ್ಲುಗಳ ಸಾಲವೆಲ್ಲ ಅದರ ತಲೆಗೆ ಬಂತು, ಅಂದರೆ ರೇಟ್ಸ್ ಕಟ್ಟುವ ನಮ್ಮೆಲ್ಲರ ತಲೆಗೆ. ಹಲಗೆ ಮನೆಯಲ್ಲಿ ಬೆಚ್ಚಗೆ ಇದ್ದವರೂ ಗಿಲಾವಿನ ಮನೆಗೆ ದುಡ್ಡು ತೆತ್ತರು.

2011ರ ಜುಲೈಯಲ್ಲಿ ಸರ್ಕಾರದ ನೆರವಿನ ಯೋಜನೆ ಬಂತು. ಒಪ್ಪಿದ ರಿಪೇರಿ ಖರ್ಚಿನಲ್ಲಿ ಕಾಲು ಭಾಗ ಸರ್ಕಾರದ್ದು, ಕಾಲು ಭಾಗ ಕೌನ್ಸಿಲ್ಲಿನದು, ಉಳಿದರ್ಧ ಮನೆಯವರದು. ಒಪ್ಪಿದವರು ಸರ್ಕಾರದ ಮೇಲಾಗಲಿ ಕೌನ್ಸಿಲ್ಲಿನ ಮೇಲಾಗಲಿ ದಾವೆ ಹೂಡುವ ಹಾಗಿಲ್ಲ. ಕೋರ್ಟಿನಲ್ಲಿ ಇನ್ನೂ ಹೆಚ್ಚು ಸಿಗಬಹುದು ಎಂದು ಕೆಲವರು ಬೇಡವೆಂದರು. ಉಳಿದರ್ಧಕ್ಕೆ ಬ್ಯಾಂಕು ಸಾಲ ಕೊಡದೆ ಕೆಲವರು ಬಿಟ್ಟರು. ಹತ್ತು ವರ್ಷ ದಾಟಿದವರಿಗೆ ಅದೂ ಇಲ್ಲ. 2016ರ ಜುಲೈಯಲ್ಲಿ ಯೋಜನೆ ಮುಚ್ಚಿತು. ಹಾಳೆ ತಯಾರಿಸಿದ ಕಂಪನಿಯ ಮೇಲೆ ಮನೆಯವರು ಹೂಡಿದ್ದ ದೊಡ್ಡ ದಾವೆಯೊಂದನ್ನು 2021ರಲ್ಲಿ ವೆಲ್ಲಿಂಗ್ಟನ್ನಿನ ಹೈಕೋರ್ಟು ತಳ್ಳಿಹಾಕಿತು. ನಮ್ಮ ಅಭಿಪ್ರಾಯ ಕೇಳುವುದಾದರೆ, ಅರ್ಧ ಸಿಕ್ಕಿದ್ದನ್ನು ತೆಗೆದುಕೊಂಡು ಗೋಡೆ ಬಿಚ್ಚಿಸಿದವರು, ಪೂರ್ತಿ ಸಿಗಲೆಂದು ಕೋರ್ಟಿನ ಮೆಟ್ಟಿಲ ಮೇಲೆ ಕಾದವರಿಗಿಂತ ಒಟ್ಟಿನಲ್ಲಿ ಮೇಲು. ಕೋರ್ಟಿನಲ್ಲಿ ದಿನ ಹೋಗುವಾಗ ಗೋಡೆಯಲ್ಲಿ ಮರ ಕಾಯುತ್ತಾ ಕೂರಲಿಲ್ಲ.

ಇದಕ್ಕೆಲ್ಲ ಒಂದು ಅಪವಾದವನ್ನೂ ಹೇಳಬೇಕು. ಏನೂ ಮಾಡದೆ, ‘ಇದ್ದ ಹಾಗೆ’ ಎಂದು ಜಾಹೀರಾತು ಕೊಟ್ಟು ಮಾರಿದ ಮನೆಗಳನ್ನು ಬರೀ ನಿವೇಶನದ ಬೆಲೆಗೆ ಕೊಂಡವರಲ್ಲಿ ಕೆಲವರು ಚೆನ್ನಾಗಿಯೇ ಗಳಿಸಿದರು. 2012ರ ನಂತರ ಆಕ್ಲೆಂಡಿನ ನೆಲದ ಬೆಲೆ ಏರಿದ್ದು ಹಾಗಿತ್ತು. ಕೊಳೆತ ಮನೆಯನ್ನು ಮಣ್ಣು ಎತ್ತಿ ಹಿಡಿಯಿತು. ಅದರಲ್ಲಿ ರಿಪೇರಿಯ ಜಾಣತನ ಏನೂ ಇರಲಿಲ್ಲ.

ನಿಯಮಗಳು ಈಗ ಬದಲಾಗಿವೆ. ಖಾಸಗಿ ತಪಾಸಣೆಗಾರರು 2004ರ ಕಾಯ್ದೆಯೊಂದಿಗೆ ಹೋದರು. ಅದೇ ವರ್ಷದಿಂದ ಹೊರಗೋಡೆಯ ಚೌಕಟ್ಟಿಗೆ ಮತ್ತೆ ಸಂಸ್ಕರಿಸಿದ ಮರ ಬಂತು. ಈಗ ಕಟ್ಟುತ್ತಿರುವ ಮನೆಗಳ ಮುಂದೆ ಹಾದುಹೋಗುವಾಗ ನಸುಗುಲಾಬಿ ಬಣ್ಣದ ಚೌಕಟ್ಟು ಕಾಣುತ್ತದಲ್ಲ, ಅದು ಬೋರಾನ್ ಹಾಕಿದ ಗುರುತು. ಅಪಾಯ ಹೆಚ್ಚಿರುವ ಗೋಡೆಗೆ ಸುಮಾರು 20 ಮಿಲಿಮೀಟರ್ ಗಾಳಿಯ ಜಾಗ ಬಿಡಬೇಕು. ಅಪಾಯ ಅಳೆಯುವ ಲೆಕ್ಕದಲ್ಲಿ ಸೂರು ಕಡಿಮೆಯಾದಷ್ಟೂ ಅಂಕ ಏರುತ್ತದೆ. ಅಜ್ಜಿಯ ಪ್ರಶ್ನೆ ಹೀಗೆ ಸರ್ಕಾರಿ ಕೋಷ್ಟಕದೊಳಗೆ ಸೇರಿತು. 2012ರ ಮಾರ್ಚಿಯಿಂದ ಮನೆಯ ಚೌಕಟ್ಟು, ಹೊದಿಕೆಗಳಿಗೆ ಸಂಬಂಧಿಸಿದ ಮುಖ್ಯ ಕೆಲಸಗಳನ್ನು ಲೈಸೆನ್ಸ್ ಇರುವವರೇ ಮಾಡಬೇಕು ಅಥವಾ ನೋಡಿಕೊಳ್ಳಬೇಕು. ನಮ್ಮಲ್ಲಿ ಡೆಕ್ಕು ವಿಸ್ತರಿಸುವವರು, ಗ್ಯಾರೇಜಿನ ಮೇಲೆ ಕೋಣೆ ಎಬ್ಬಿಸುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು. 15 ವರ್ಷ ಬಾಳಬೇಕಾದ ಹೊದಿಕೆ ಅದಕ್ಕೆ ಮುಂಚೆಯೇ ಕೆಟ್ಟಿದ್ದರೆ ಅದನ್ನು ಬದಲಿಸಲೂ ಕೌನ್ಸಿಲ್ಲಿನ ಅನುಮತಿ ಬೇಕು. ಗೊತ್ತಿಲ್ಲದೆ ಕೆಲಸ ಮಾಡಿಸಿದರೆ ಮಾರುವ ದಿನ ಆ ಕಡತ ಎದುರು ಬಂದು ನಿಲ್ಲುತ್ತದೆ.

ಇನ್ನೊಂದು ಬದಲಾವಣೆ ಕಾದಿದೆ. ಇಷ್ಟು ಕಾಲ, ತಪ್ಪು ಮಾಡಿದವರಲ್ಲಿ ಒಬ್ಬ ದಿವಾಳಿಯೆದ್ದರೆ ಅವನ ಪಾಲನ್ನೂ ಉಳಿದವರು ಕೊಡಬೇಕಿತ್ತು. ಕೌನ್ಸಿಲ್ಲಿನಿಂದ ಮನೆಯವರಿಗೆ ದುಡ್ಡು ಬಂದದ್ದು ಆ ನಿಯಮದಿಂದಲೇ. ಅವರವರ ತಪ್ಪಿನ ಪಾಲಷ್ಟೇ ಅವರವರು ಕೊಡಲಿ ಎಂಬ ಪದ್ಧತಿ ತರುವುದಾಗಿ 2025ರ ಆಗಸ್ಟಿನಲ್ಲಿ ಸರ್ಕಾರ ಪ್ರಕಟಿಸಿತು. ಅದು ಜಾರಿಯಾದರೆ, ಕಟ್ಟಿದವನು ಕಂಪನಿ ಮುಚ್ಚಿ ಹೋದಾಗ ಅವನ ಪಾಲು ಮನೆಯವರ ಮೇಲೆಯೇ ಬೀಳುತ್ತದೆ, ವಾರಂಟಿಯೋ ವಿಮೆಯೋ ಇದ್ದರೆ ಮಾತ್ರ ತಪ್ಪುತ್ತದೆ. ಹೊಸ ಮನೆ ಕಟ್ಟಿಸುವವರು, ಹಳೆಯದನ್ನು ದೊಡ್ಡದಾಗಿ ಬದಲಿಸುವವರು ಕರಾರಿಗೆ ಸಹಿ ಹಾಕುವ ಮುಂಚೆ ಬಿಲ್ಡರನಿಗೆ ಆ ವಿಮೆಯ ಕಾಗದ ತೋರಿಸಲು ಹೇಳಬೇಕು.